ಕೌದಿಯ ನೀಲಿ ತುಂಡು

ಇಂದು ಕೌದಿ ಇಟ್ಟಿದ್ದ ಟ್ರಂಕು ತೆರೆದಾಗ ಬಂದ ಬೇವಿನೆಲೆಯ ವಾಸನೆಗೆ, ಅವ್ವ ಮನೆಯಲ್ಲಿದ್ದ ಕೊನೆಯ ಮಧ್ಯಾಹ್ನ ನೆನಪಾಯಿತು.

ವಾರವಿಡೀ ಅವ್ವ ಹಳೆಯ ಸೀರೆಗಳ ತುಂಡು ಸೇರಿಸಿ ಕೌದಿ ಹೊಲಿಯುತ್ತಿದ್ದಳು. ಸೋಮವಾರ ಸೂಜಿ ಮುರಿಯಿತು. ಬುಧವಾರ ಬೆಕ್ಕು ಕೌದಿಯ ಮೇಲೆಯೇ ಮರಿ ಹಾಕಿತು. ಶುಕ್ರವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ನನ್ನ ಹೊಸ ಲಂಗಕ್ಕೆ ಕತ್ತರಿ ಬಿದ್ದಿತ್ತು.

"ಯಾರನ್ನ ಕೇಳಿ ಕತ್ತರಿಸ್ದಿ?"

"ಕೌದಿ ನಡುವಿಗೆ ನೀಲಿನ ಬೇಕಿತ್ತು. ಅಕ್ಕಿಆಲೂರು ಸಂತ್ಯಾಗೂ ಸಿಗಲಿಲ್ಲ. ತಲಿ ತಿನಬ್ಯಾಡ."

"ನಿನ್ನ ಸೀರಿ ಕತ್ತರಿಸ್ಕೋ ಹೋಗು!"

"ನನ್ನವು ಎಲ್ಲಾ ಆಗಲೇ ಇದರಾಗ ಅದಾವು, ಕಣ್ಣು ಬಿಟ್ಟು ನೋಡು."

ನಾನು ನೀಲಿ ತುಂಡನ್ನು ಕಿತ್ತು ಒಲೆಗೆ ಹಾಕಿದೆ.

ಅವ್ವ ಹಣೆ ಚಚ್ಚಿಕೊಂಡಳು. "ಆತು, ನಾಳೆ ಬ್ಯಾರೆ ಹಚ್ತೇನಿ."

ಮರುದಿನ ನಸುಕಿನಲ್ಲಿ ಎದೆ ನೋವೆಂದು ಆಸ್ಪತ್ರೆಗೆ ಹೋದವಳು ಮರಳಲಿಲ್ಲ.

ಕೌದಿಯ ನಡುವೆ ಅಂಗೈ ಅಗಲದ ಜಾಗ ಇನ್ನೂ ಖಾಲಿ ಇದೆ.