ಕತ್ತಿಗೆ ತೊಡಿಸಿದ ಬಳೆ

ಮೇಜಿನ ಮೇಲೆ ಹಾಸಿದ ಕುರಿಚರ್ಮದ ನಡುವೆ ಎರಡು ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತಿಯೊಂದು ಮಲಗಿತ್ತು. ಕಿಟಕಿಯ ದುಂಡು ಗಾಜುಗಳನ್ನು ಹಾದು ಬಂದ ಮಧ್ಯಾಹ್ನದ ಬೆಳಕು ಅಲಗಿನುದ್ದಕ್ಕೂ ತೆಳ್ಳಗೆ ಹರಿದು, ಹಿಡಿಯ ಮುಂದಿನ ಅಡ್ಡಪಟ್ಟಿಯ ಬಳಿ ನಿಂತಿತ್ತು. ಅಲ್ಲೇ ಪಕ್ಕದಲ್ಲಿ ಒಂದು ಕೈ ಊರಿಕೊಂಡಿತ್ತು. ಹೆಬ್ಬೆರಳು, ಉಂಗುರದ ಬೆರಳು, ಕಿರುಬೆರಳು. ಇನ್ನೆರಡು ಇರಬೇಕಾದ ಜಾಗದಲ್ಲಿ ನುಣುಪಾದ, ತುಸು ಹೊಳೆಯುವ ಚರ್ಮ. ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದ ಕತ್ತಿವರಸೆಯ ಗುರು ಗೆಬ್‌ಹಾರ್ಟ್ ಆ ಕೈಯತ್ತ ನೋಡದೆ, ಕತ್ತಿಯನ್ನು ಮಾತ್ರ ನೋಡುತ್ತ ನಿಂತಿದ್ದ.

ಅವನು ಹೊತ್ತು ನೋಡಿಕೊಂಡೇ ಬಂದಿದ್ದ. ಶನಿವಾರ ಮಧ್ಯಾಹ್ನವೆಂದರೆ ಕೆಲಸಗಾರರೆಲ್ಲ ಊರ ಸ್ನಾನದ ಮನೆಗೆ ಹೋಗುವ ಹೊತ್ತು. ಕತ್ತಿ ಮಾಡುವ ಮುದುಕ ಜೆಬಾಲ್ಟ್ ಒಬ್ಬನೇ ಕುಲುಮೆಯ ಬಳಿ ಇರುತ್ತಾನೆ, ಅವನ ಅಳಿಯ ವೆಂಡೆಲ್ ಇರುವುದಿಲ್ಲ ಎಂದುಕೊಂಡಿದ್ದ. ಇಂದು ಅದು ತಿರುಗುಮುರುಗಾಗಿತ್ತು; ಮೇಜಿನಾಚೆ ಕೈ ಊರಿ ನಿಂತಿದ್ದವನು ವೆಂಡೆಲ್.

“ಮಾವ ಈಗಷ್ಟೇ ಹೋದ್ರು ಗುರುಗಳೇ,” ಎಂದ ವೆಂಡೆಲ್. “ಮೈಗೆ ಬಿಸಿನೀರು, ಹೊಟ್ಟೆಗೆ ಬೀರು. ಕತ್ತಲಾಗ್ದೆ ಬರೋರಲ್ಲ. ಏನಾಗ್ಬೇಕಿತ್ತು?”

“ಏನಿಲ್ಲ. ನಾಳೆ ಪಂದ್ಯ ಇದೆಯಲ್ಲ.”

“ಕಿಲಿಯಾನ್ ಜೊತೆ ತಾನೆ? ಕೈಗೆ ಹೊಡೀಬಾರ್ದು ಅಂತ ನಿಯಮ ಇದ್ರೂ ಅವನ ಕತ್ತಿ ಜಾರಿ ಜಾರಿ ಕೈಮೇಲೇ ಬೀಳುತ್ತಂತೆ. ಪಾಪ, ಅವನೇನು ಮಾಡ್ತಾನೆ, ಕತ್ತಿಗೇ ಬುದ್ಧಿ ಇಲ್ಲ.”

ಗೆಬ್‌ಹಾರ್ಟ್ ನಗಲಿಲ್ಲ. ಅಡ್ಡಪಟ್ಟಿಯ ಪಕ್ಕವನ್ನು ಉಗುರಿನಿಂದ ಮುಟ್ಟಿ ತೋರಿಸಿದ. “ಇಲ್ಲೊಂದು ಬಳೆ ಬೇಕಿತ್ತು,” ಎಂದ. ಸ್ವರ ಅವನ ಕಿವಿಗೇ ಅಪರಿಚಿತವಾಗಿತ್ತು.

ಕೆಲವು ವರ್ಷಗಳ ಹಿಂದೆ, ಆಗ ಅವನ ಶಿಷ್ಯನಾಗಿದ್ದ ಇದೇ ವೆಂಡೆಲ್, ಬೆರಳುಗಳಿಗೆ ಏಟು ತಾಗದಿರಲೆಂದು, ತನ್ನ ಕತ್ತಿಗೆ ಇಂಥದೇ ಕಬ್ಬಿಣದ ಬಳೆಯೊಂದನ್ನು ಬೆಸೆದುಕೊಂಡು ಗರಡಿಗೆ ಬಂದಿದ್ದ. “ಕತ್ತಿಗೂ ಬಳೆ ತೊಡಿಸಿದೆಯೇನೋ? ಹಾಗಾದ್ರೆ ಗರಡಿಗೆ ಯಾಕೆ ತಂದೆ, ಅತ್ತೆ ಮನೆಗೆ ಕಳಿಸೋಣ,” ಎಂದು ಗೆಬ್‌ಹಾರ್ಟ್ ಎಲ್ಲರೆದುರು ಹೇಳಿದ್ದ. ಶಿಷ್ಯರು ಗೋಡೆ ಹಿಡಿದುಕೊಂಡು ನಕ್ಕಿದ್ದರು. ಗುರುವಿನ ಅಪ್ಪಣೆಯಂತೆ ವೆಂಡೆಲ್ ಅಂದೇ ಅರದಿಂದ ಉಜ್ಜಿ ಉಜ್ಜಿ ಅದನ್ನು ತೆಗೆದುಹಾಕಿದ. ಆ ಬೇಸಗೆ ಕಳೆಯುವ ಮೊದಲೇ, ಅಭ್ಯಾಸದ ಒಂದು ಏಟಿಗೆ ಅವನ ಎರಡು ಬೆರಳು ಜಜ್ಜಿಹೋದವು. ಗಾಯಗಳಿಗೂ ಚಿಕಿತ್ಸೆ ಮಾಡುತ್ತಿದ್ದ ಊರ ಕ್ಷೌರಿಕ ಅವನ್ನು ಕತ್ತರಿಸಿದ. ಗೆಬ್‌ಹಾರ್ಟ್ ನೋಡಲು ಹೋಗಿದ್ದ. ಒಂದು ಹೂಜಿ ವೈನ್ ಒಯ್ದಿದ್ದ, ಮಾತು ಒಯ್ದಿರಲಿಲ್ಲ.

ವೆಂಡೆಲ್ ಗೂಟದಿಂದ ದಾರವೊಂದನ್ನು ಇಳಿಸಿಕೊಂಡ. “ಹಿಡೀರಿ, ಅಳತೆ ನೋಡೋಣ.”

ಗೆಬ್‌ಹಾರ್ಟ್ ಹಿಡಿದ. ಅವನ ತೋರುಬೆರಳು ತಾನಾಗಿಯೇ ಅಡ್ಡಪಟ್ಟಿಯನ್ನು ದಾಟಿ ಅಲಗಿನ ಬುಡವನ್ನು ಬಳಸಿಕೊಂಡಿತು.

“ಈಗ್ಲೂ ಬೆರಳು ಆಚೆ ದಾಟಿಸಿಯೇ ಹಿಡೀತೀರಾ?”

“ಮತ್ತೆ ಹೇಗೆ ಹಿಡೀತಾರೋ?”

“ಕೇಳ್ದೆ ಅಷ್ಟೆ. ನಮಗೂ ಹಾಗೇ ಕಲಿಸಿದ್ರಿ.” ಹೆಬ್ಬೆರಳು ಮತ್ತು ಉಂಗುರದ ಬೆರಳಿನ ನಡುವೆ ದಾರ ಹಿಡಿದು ವೆಂಡೆಲ್ ಗೆಬ್‌ಹಾರ್ಟನ ತೋರುಬೆರಳಿಗೆ ಅದನ್ನು ಸುತ್ತಿದ. ಬೆರಳಿಲ್ಲದ ಜಾಗದ ಚರ್ಮ ಗುರುವಿನ ಗೆಣ್ಣಿಗೆ ತಾಗಿತು. ಅದು ಬೆಚ್ಚಗಿತ್ತು. ಕೈ ಹಿಂದಕ್ಕೆಳೆದುಕೊಳ್ಳಬೇಕೆನಿಸಿದರೂ ಗೆಬ್‌ಹಾರ್ಟ್ ಹಾಗೇ ನಿಂತ.

“ಸಣ್ಣದು ಸಾಕು ಕಣೋ. ದೂರಕ್ಕೆ ಕಾಣದ ಹಾಗೆ.”

“ತೀರಾ ಸಣ್ಣದಾದ್ರೆ ಏಟಿಗೆ ಬಗ್ಗಿ ಬೆರಳನ್ನೇ ಕಚ್ಚುತ್ತೆ.”

“ಸೋಮವಾರ ತೆಗೆಯೋಕಾಗುತ್ತಾ?”

“ತೆಗೀಬಹುದು. ಗುರುತು ಉಳಿಯುತ್ತೆ.” ವೆಂಡೆಲ್ ದಾರಕ್ಕೆ ಗಂಟು ಹಾಕಿದ. “ಇದೊಂದಕ್ಕೇನಾ? ಹುಡುಗರ ಕತ್ತಿಗಳಿಗೂ ಮಾಡ್ಲಾ?”

ಗರಡಿಯ ಗೋಡೆಗೆ ಸಾಲಾಗಿ ಒರಗಿದ ಕತ್ತಿಗಳು ಗೆಬ್‌ಹಾರ್ಟನ ಕಣ್ಣ ಮುಂದೆ ಬಂದವು. ಅವಕ್ಕೂ ಬಳೆ ಬೇಕೆಂದರೆ, ಏಕೆಂದು ಹೇಳಬೇಕಾಗುತ್ತದೆ. ಹೇಳಲು ತೊಡಗಿದರೆ ವೆಂಡೆಲ್‌ನ ಹೆಸರು ಬಾರದೆ ಮಾತು ಮುಗಿಯುವುದಿಲ್ಲ.

“ಸದ್ಯಕ್ಕೆ ಇದೊಂದು ಸಾಕು.”

ವೆಂಡೆಲ್ ಹಿಡಿಯ ತುದಿಯ ಗುಂಡನ್ನು ಬಡಿದು ಬಿಡಿಸಿ, ಅಡ್ಡಪಟ್ಟಿಯನ್ನು ಕಳಚಿ ಬೆಂಕಿಗಿಟ್ಟ. ತಿದಿ ಉಸಿರೆಳೆಯಿತು. ಬೀದಿಗೆ ಕಾಣದ ಮೂಲೆಯನ್ನು ಹುಡುಕಿ ಗೆಬ್‌ಹಾರ್ಟ್ ಕುಳಿತ. ಸುತ್ತಿಗೆಯ ಪ್ರತಿ ಏಟೂ ಊರಿಗೆಲ್ಲ ಕೇಳಿಸುತ್ತಿದೆಯೆಂದು ಅವನಿಗೆ ತೋರುತ್ತಿತ್ತು. ಬಿಳುಪಾಗಿ ಕಾದ ಕಬ್ಬಿಣ ಬಾಗಿತು, ಬೆಸೆದುಕೊಂಡಿತು, ನೀರಿಗಿಳಿದು ಚೀರಿ ಕಪ್ಪಾಯಿತು. ಕತ್ತಿ ಮತ್ತೆ ಜೋಡಿಯಾಗಿ ಕೈಗೆ ಬಂದಾಗ ಬೆಳಕು ಕಿಟಕಿಯನ್ನು ಬಿಟ್ಟುಹೋಗಿತ್ತು. ಬಳೆಯೊಳಗೆ ಬೆರಳು ಹಿತವಾಗಿ ಕೂತಿತು. ಅಷ್ಟು ಹಿತವಾಗಿ ಕೂರಬಾರದಿತ್ತು ಎನಿಸಿತು ಅವನಿಗೆ.

ಅವನು ಕತ್ತಿಯ ಹಿಡಿಯನ್ನು ಮೇಲಂಗಿಯ ಸೆರಗಿನಲ್ಲಿ ಸುತ್ತಿಕೊಂಡ. ವೆಂಡೆಲ್ ಮುಂದೆ ಹೋಗಿ ಬಾಗಿಲು ತೆರೆದು ಹಿಡಿದ.

“ನಾಳೆ ನಿಮ್ಮ ಹುಡುಗರೆಲ್ಲ ನೋಡ್ತಾರೆ. ಆಮೇಲೆ ಇಲ್ಲಿಗೆ ಬಂದು ನನ್ನನ್ನೇ ಕೇಳ್ತಾರೆ. ಏನು ಹೇಳ್ಲಿ, ಗುರುಗಳೇ?”

ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟರಲ್ಲಿ, ಸ್ನಾನ ಮುಗಿಸಿ ಒದ್ದೆ ಕೂದಲಲ್ಲಿ ಬರುತ್ತಿದ್ದ ಇಬ್ಬರು ಬಡಗಿಗಳು ಬೀದಿಯಾಚೆಯಿಂದ ಗುರುವನ್ನು ಕಂಡು ಟೋಪಿ ತೆಗೆದರು. ಗೆಬ್‌ಹಾರ್ಟ್ ತಲೆಯಾಡಿಸಿ, ಅವರು ದಾಟಿಹೋಗುವ ತನಕ ಕಾದ.

“ವಯಸ್ಸಾಯ್ತು ಅನ್ನು. ಮುದಿ ಕೈ, ಅದಕ್ಕೆ ಬೇಕಾಯ್ತು ಅನ್ನು.”

“ಆಗ್ಲಿ, ಹೇಳ್ತೀನಿ,” ಎಂದ ವೆಂಡೆಲ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನದು ಎಳೇ ಕೈ ಆಗಿತ್ತು, ಗುರುಗಳೇ.”

ಗೆಬ್‌ಹಾರ್ಟ್ ಹೊಸ್ತಿಲು ದಾಟಿದ. ಹಿಂದೆ ಬಾಗಿಲು, ಸದ್ದಾಗದಂತೆ, ಮೆಲ್ಲಗೆ ಮುಚ್ಚಿಕೊಂಡಿತು.