ಅರ್ಧ ಬೆಲೆಯ ಚಿತ್ರ

ಸಾಗಾಟದಲ್ಲಿ ಪೆಟ್ಟು ತಿಂದ ಚಿತ್ರಗಳ ಪ್ರಿಂಟುಗಳು ಅರ್ಧ ಬೆಲೆಗೆ ಸಿಗುತ್ತವೆಂದು ಕೇಳಿ ನಿವೃತ್ತ ಡ್ರಾಯಿಂಗ್ ಮಾಸ್ತರರು ಫ್ರೇಮಿನ ಅಂಗಡಿಗೆ ಬಂದಿದ್ದರು. ಮಗಳ ಹೊಸ ಮನೆಗೆ ಒಂದು ಬೇಕಿತ್ತು. ತಾಸು ಹೊತ್ತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದರೂ ಒಂದೂ ಮನಸ್ಸಿಗೆ ಬಂದಿರಲಿಲ್ಲ.

"ಇದರದು ಮೂಲಿ ಅಷ್ಟ ಮುದುಡೈತ್ರಿ ಮಾಸ್ತರ. ಫ್ರೇಮ್ ಹಾಕಿದ್ರ ಮುಚ್ಚಿ ಹೋಗತೈತಿ," ಎಂದಳು ಅಂಗಡಿಯಾಕೆ, ಕುದುರೆಯ ಚಿತ್ರವೊಂದನ್ನು ಎತ್ತಿ ಹಿಡಿದು.

"ಮೂಲಿ ಹೋಗ್ಲಿ ಬಿಡವಾ. ಕುದುರಿ ಕಣ್ಣಿನ ಬಾಜೂಕ ಕರೇ ಚುಕ್ಕಿ ಬಿದ್ದೈತಲ್ಲ, ಅದನ್ನ ಹೆಂಗ ಮುಚ್ಚತಿ?"

ಆಕೆ ಬಗ್ಗಿ ನೋಡಿದಳು. "ನನಗೇನೂ ಕಾಣವಲ್ದರಿ."

"ನಲವತ್ತು ವರ್ಷ ಹುಡುಗರ ಚಿತ್ರದಾಗ ತಪ್ಪು ಹುಡುಕೇನಿ. ನನಗ ಹೇಳಾಕ ಬರಬ್ಯಾಡ."

ದೋಣಿಯ ಚಿತ್ರ ಬಂತು. ಹಾಯಿಯ ಮೇಲೂ ಚುಕ್ಕೆ. ಕಮಲದ ಕೊಳ ಬಂತು. ನೀರಿನಲ್ಲೂ ಚುಕ್ಕೆ. ಮಾಸ್ತರರು ಕನ್ನಡಕ ಒರೆಸಿದರು, ಕುಳಿತರು, ಮತ್ತೆ ಎದ್ದರು. "ಅಚ್ಚು ಹಾಕೋ ಮಷಿನ್ನ ಕೆಟ್ಟೈತಿ," ಎಂದು ಗೊಣಗಿದರು.

ಬೇಸತ್ತ ಆಕೆ, ಚಿತ್ರಗಳ ಹಿಂದೆ ಇಡುವ ಬಿಳಿ ರಟ್ಟಿನ ಹೊಸ ಕಟ್ಟು ಬಿಚ್ಚಿ ಒಂದನ್ನು ಅವರ ಮುಂದೆ ಹಿಡಿದಳು.

"ಇದಕ್ಕ ಅಚ್ಚೇ ಹಾಕಿಲ್ರಿ. ಇದರ ಮ್ಯಾಲೂ ಐತೇನ್ರಿ ಚುಕ್ಕಿ?"

ಇತ್ತು. ಹೊಲಸು ಕೈಯಿಂದ ಮುಟ್ಟಿದ್ದಕ್ಕೆ ಗದರಿಸಬೇಕೆಂದು ಮಾಸ್ತರರು ತಲೆಯೆತ್ತಿದರು.

ಆಕೆಯ ಕೆನ್ನೆಯ ಮೇಲೂ ಅದೇ ಚುಕ್ಕೆಯಿತ್ತು. ಕಣ್ಣು ಹೊರಳಿಸಿದರೆ, ಬಾಗಿಲಾಚೆಯ ಬಿಸಿಲಿನ ಮೇಲೂ.