ವಿಯೆಟ್ನಾಮಿಗೆ ಹೊರಟ ಸೈಕಲ್

ಅಂಗಳದಲ್ಲಿ ಬಿಚ್ಚಿಟ್ಟ ಗಾಲಿ, ಪೆಡಲ್, ಹ್ಯಾಂಡಲ್‌ಗಳನ್ನು ಜಿನ್ನವ್ವ ದಿಟ್ಟಿಸಿ ನೋಡಿದಳು. ಮಗಳು ತ್ರಿಶಲಾ ನಾಳೆ ಮೂಡಲಗಿಯಿಂದ ವಿಯೆಟ್ನಾಮಿಗೆ ಹೊರಡುವವಳಿದ್ದಳು. ಅಗ್ಗದ ವಿಮಾನದಲ್ಲಿ ಸೈಕಲ್ಲನ್ನು ರಟ್ಟಿನ ಡಬ್ಬಿಯಲ್ಲಿ ಒಯ್ದು, ತಿಂಗಳೊಪ್ಪತ್ತು ಅದರ ಮೇಲೆಯೇ ಊರೂರು ಸುತ್ತುವುದು ಅವಳ ಆಸೆ.

“ಆ ದೇಶದಾಗ ಇದನ್ನ ಯಾರ್ ಜೋಡಿಸಿ ಕೊಡ್ತಾರ? ಒಬ್ಬಾಕಿನ್ನ ನಾ ಕಳಸಾಂಗಿಲ್ಲ.”

“ನಾನ ಜೋಡಸ್ತೇನಿ ಅವ್ವಾ. ಇಲ್ಲೇ ಕುಂತು ನೋಡು.”

ತ್ರಿಶಲಾ ನಟ್ಟು ಬಿಗಿಯುವ ಪಾನಾ ಹಿಡಿದಳು. ಗಾಲಿ ಕೂಡಿಸಿದಳು, ಚೈನು ಏರಿಸಿದಳು, ಬ್ರೇಕ್ ಬಿಗಿದಳು. ಕೈ ಒಮ್ಮೆಯೂ ತಡವರಿಸಲಿಲ್ಲ. ಅರ್ಧ ತಾಸಿನಲ್ಲಿ ಸೈಕಲ್ ಎದ್ದು ನಿಂತಿತು.

ಜಿನ್ನವ್ವ ಹತ್ತಿರ ಬಂದು ಹಿಂದಿನ ಗಾಲಿಯನ್ನು ಜೋರಾಗಿ ಅಲುಗಿಸಿದಳು. ಅದು ಮಿಸುಕಲಿಲ್ಲ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾರಿಯರ್ ಮೇಲೆ ಹತ್ತಿ ಕುಳಿತಳು.

“ನಡಿ, ಪ್ಯಾಟಿಗೆ ಹೋಗೂಣು. ನಿನ್ನ ಬುತ್ತಿಗೆ ಶೇಂಗಾ ತರಬೇಕು.”